ಹಳೆಯ ಮೇಜನ್ನು ಗುಜರಿಗೆ ಹಾಕುವ ಮುನ್ನ: ಹೊಸಬರಿಗೊಂದು ಕೈಪಿಡಿ

ಮಂಗಳೂರು: ಹಂಚಿನ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಬಹುಮಹಡಿ ವಸತಿ ಸಮುಚ್ಚಯ ಕಟ್ಟುವುದು ಈ ನಗರಕ್ಕೆ ಹೊಸ ಸಂಗತಿಯೇನಲ್ಲ. ಹಾಗೆ ಮನೆ ಇಳಿಸುವಾಗ ಬಾಗಿಲು, ದಾರಂದ, ತೊಲೆಗಳಿಗೆ ಕೂಡಲೇ ಗಿರಾಕಿಗಳು ಸಿಗುತ್ತಾರೆ. ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಧೂಳು ತಿನ್ನುತ್ತಿರುವ ಕಾಲು ಅಲುಗುವ ಮೇಜು ಮಾತ್ರ ಗುಜರಿಯವನ ಪಾಲಾಗುತ್ತದೆ. ಹೊಸ ಫ್ಲ್ಯಾಟಿಗೆ ಪಾರ್ಟಿಕಲ್ ಬೋರ್ಡಿನ ಮೇಜು ಬರುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಚು ಉಬ್ಬಿ ಪುಡಿಯಾಗಲು ತೊಡಗುತ್ತದೆ.

ಕೈಬಿಟ್ಟುಹೋಗುವ ಆ ಹಳೆಯ ಮೇಜಿನ ಬೆಲೆ ಅದರ ವಯಸ್ಸಿನಲ್ಲಿ ಮಾತ್ರ ಇಲ್ಲ, ಮರದಲ್ಲಿಯೂ ಇದೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯಲ್ಲಿ ಹರಡಿದ ಹಂಚಿನ ಮನೆಗಳಿಗೂ ಅವುಗಳ ಪೀಠೋಪಕರಣಗಳಿಗೂ ಪಶ್ಚಿಮ ಘಟ್ಟದ ತೇಗ, ಬೀಟೆ, ಹಲಸು, ಹೆಬ್ಬಲಸು ಧಾರಾಳವಾಗಿ ಬಳಕೆಯಾದವು. ಅಂಥ ಬಲಿತ ಮರ ಇಂದು ಸುಲಭವಾಗಿ ದೊರೆಯುವುದಿಲ್ಲ. ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿರ್ಬಂಧವಿದೆ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲವನ್ನು 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಗಾ ಇಡುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಲಾಗಿದೆ. ಹಾಗಾಗಿ ಅಜ್ಜನ ಕಾಲದ ಮೇಜನ್ನು ಕಳೆದುಕೊಂಡರೆ ಅದೇ ಮರದ ಇನ್ನೊಂದು ಮೇಜನ್ನು ಮಾಡಿಸುವುದು ಹೆಚ್ಚಿನವರಿಗೆ ಅಸಾಧ್ಯವೇ ಸರಿ.

ಮೇಜನ್ನು ಮರಳಿ ಬಳಕೆಗೆ ತರುವ ಕೆಲಸವನ್ನು ಬಡಗಿಯಲ್ಲದವರೂ ಕಲಿಯಬಹುದು. ಕುರ್ಚಿಗೆ ಹೋಲಿಸಿದರೆ ಮೇಜಿನ ರಚನೆ ಸರಳ: ಮೇಲೊಂದು ಹಲಗೆ, ಸುತ್ತ ನಾಲ್ಕು ಪಟ್ಟಿ, ಕೆಳಗೆ ನಾಲ್ಕು ಕಾಲು. ಆದ್ದರಿಂದಲೇ ಹೊಸಬರಿಗೆ ಇದು ತಕ್ಕ ಆರಂಭ. ಆದರೆ ಹೊಸಬರು ಹಾಳುಮಾಡುವ ಮೇಜುಗಳಲ್ಲಿ ಹೆಚ್ಚಿನವು ಕೆಡುವುದು ಕೆಲಸ ಕಡಿಮೆಯಾಗಿ ಅಲ್ಲ. ಅತಿಯಾಗಿ ಉಜ್ಜಿ, ಅಥವಾ ಕಾಲವಲ್ಲದ ಕಾಲದಲ್ಲಿ ಕೆಲಸಕ್ಕೆ ಇಳಿದು. ಮಂಗಳೂರಿನಂಥ ಊರಿನಲ್ಲಿ ಎರಡನೆಯ ತಪ್ಪೇ ಹೆಚ್ಚು ದುಬಾರಿ.

ಮಳೆ ನಿಲ್ಲಲಿ

ಈ ನಗರದಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮರ ಕಡಿದು ನೂರು ವರ್ಷವಾಗಿದ್ದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ಅದು ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ. 90ರಷ್ಟಿದ್ದು ಅದು ಹಾಗೆಯೇ ಬಹುಕಾಲ ಉಳಿದರೆ ಮರ ತನ್ನ ಒಣ ತೂಕದ ಸುಮಾರು ಶೇ. 20ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆರ್ದ್ರತೆ ಶೇ. 60ಕ್ಕೆ ಇಳಿದರೆ ಆ ಪ್ರಮಾಣ ಶೇ. 11ರ ಆಸುಪಾಸಿಗೆ ಬರುತ್ತದೆ. ಮರ ಹಿಗ್ಗಿ ಕುಗ್ಗುವುದು ಎಳೆಯ ಅಡ್ಡಕ್ಕೆ, ಅಂದರೆ ಅಗಲದಲ್ಲಿ; ಉದ್ದದಲ್ಲಿ ಅದು ಬಹುತೇಕ ಬದಲಾಗುವುದಿಲ್ಲ. ಮೂರು ಅಡಿ ಅಗಲದ ಮೇಜಿನ ಹಲಗೆಯಲ್ಲಿ ಮಳೆಗಾಲಕ್ಕೂ ಬೇಸಗೆಗೂ ಒಂದು ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಕಂಡುಬಂದರೆ ಅಚ್ಚರಿಪಡಬೇಕಾಗಿಲ್ಲ.

ಜುಲೈಯಲ್ಲಿ ಡ್ರಾಯರ್ ಬಿಗಿಯಾಯಿತೆಂದು ಅದರ ಅಂಚನ್ನು ಕೀಸಿದರೆ ಫೆಬ್ರವರಿಯ ಹೊತ್ತಿಗೆ ಅದು ಸಡಿಲವಾಗಿ ಓಲಾಡುತ್ತದೆ. ಮಳೆಗಾಲದಲ್ಲಿ ಡ್ರಾಯರ್ ಜಾರುವ ಪಟ್ಟಿಗೆ ಮೇಣದ ಬತ್ತಿಯನ್ನು ಉಜ್ಜಿದರೆ ಸಾಕು; ಕೀಸುಳಿಯ ಕೆಲಸವನ್ನು ಡಿಸೆಂಬರ್‌ಗೆ ಮುಂದೂಡಬೇಕು. ಹಾಗೆಯೇ ಬೇಸಗೆಯಲ್ಲಿ ಕಾಣಿಸಿಕೊಂಡ ಬಿರುಕಿಗೆ ಒತ್ತಿ ತುಂಬಿದ ಪುಟ್ಟಿ ಮಳೆಗಾಲದಲ್ಲಿ ಮರ ಹಿಗ್ಗಿದಾಗ ಹೊರಕ್ಕೆ ಉಬ್ಬುತ್ತದೆ, ಇಲ್ಲವೇ ಹಲಗೆಯನ್ನೇ ಇನ್ನಷ್ಟು ಸೀಳುತ್ತದೆ. ಪಾಲಿಶ್ ವಿಷಯದಲ್ಲಂತೂ ಮಳೆಗಾಲ ಕಡುವೈರಿ. ತೇವದ ಗಾಳಿಯಲ್ಲಿ ಹಚ್ಚಿದ ಅರಗಿನ ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ.

ಆದುದರಿಂದ ಮಳೆಗಾಲದಲ್ಲಿ ಮೇಜನ್ನು ಹುಡುಕಿ ತಂದು, ಗಾಳಿಯಾಡುವ ಒಳಕೋಣೆಯಲ್ಲಿ ಇಟ್ಟಿಗೆಯ ಮೇಲೆ ಎತ್ತರಿಸಿಟ್ಟು ಪರೀಕ್ಷಿಸುವುದಷ್ಟೇ ಕೆಲಸ. ಕೈಯಾಡಿಸುವ ಕಾಲ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರಿಗೆ ಈ ಕಟ್ಟುಪಾಡು ಅಷ್ಟು ಬಿಗಿಯಾಗಿಲ್ಲ. ಆದರೆ ಕರಾವಳಿಯ ಮನೆಯಿಂದ ಮೇಜನ್ನು ಘಟ್ಟದ ಮೇಲಕ್ಕೆ ಒಯ್ಯುವವರು ಒಂದು ಮಾತು ನೆನಪಿಡಬೇಕು: ಒಣ ಹವೆಗೆ ಹೊಂದಿಕೊಳ್ಳಲು ಮರಕ್ಕೆ ಕೆಲವು ತಿಂಗಳು ಬೇಕು. ಬಂದ ವಾರವೇ ಹವಾನಿಯಂತ್ರಿತ ಕೋಣೆಯಲ್ಲಿಟ್ಟರೆ ಹಲಗೆ ಸೀಳುವ ಸಾಧ್ಯತೆಯಿದೆ.

ಯಾವ ಮರ?

ಮೇಜಿನ ಮೇಲ್ಭಾಗ ನೋಡಿ ಮರವನ್ನು ಗುರುತಿಸುವುದು ಕಷ್ಟ. ಹಿಂದಿನವರು ಹಲಸಿಗೂ ಮಾವಿಗೂ ಕಪ್ಪು ಬಣ್ಣದ ಪಾಲಿಶ್ ಕೊಟ್ಟು ಬೀಟೆಯಂತೆ ಕಾಣಿಸುತ್ತಿದ್ದುದುಂಟು. ಮೇಜನ್ನು ಮಗುಚಿ, ಪಾಲಿಶ್ ತಾಗದ ಅಡಿಭಾಗದಲ್ಲಿ ಕಾಣದ ಒಂದು ಕಡೆ ಸ್ವಲ್ಪವೇ ಕೆರೆದು ನೋಡಬೇಕು.

ತೇಗ, ಅಂದರೆ ಸಾಗುವಾನಿ, ಹೊನ್ನಿನ ಕಂದು ಬಣ್ಣದ್ದು. ಮುಟ್ಟಿದರೆ ಎಣ್ಣೆಯ ಜಿಡ್ಡು. ಉಜ್ಜಿದರೆ ತೊಗಲಿನಂಥ ವಾಸನೆ. ಘನ ಅಡಿಗೆ ಸುಮಾರು 18ರಿಂದ 19 ಕೆ.ಜಿ. ತೂಗುತ್ತದೆ. ಬೀಟೆ ನೇರಳೆ ಛಾಯೆಯ ಕಡುಕಂದು. ನಡುವೆ ಕಪ್ಪು ಗೆರೆಗಳು. ಘನ ಅಡಿಗೆ ಸುಮಾರು 24 ಕೆ.ಜಿ. ಇರುವುದರಿಂದ ಒಂದು ಬದಿಯನ್ನು ಎತ್ತುವಾಗಲೇ ವ್ಯತ್ಯಾಸ ತಿಳಿಯುತ್ತದೆ. ಹಲಸು ಕೊಯ್ದಾಗ ಹಳದಿಯಾಗಿದ್ದು ವರ್ಷ ಕಳೆದಂತೆ ಕೆಂಗಂದಿಗೆ ತಿರುಗುತ್ತದೆ. ಅದನ್ನು ಅತಿಯಾಗಿ ಉಜ್ಜಿದರೆ ಒಳಗಿನ ಹಳದಿ ಮತ್ತೆ ಹೊರಬೀಳುತ್ತದೆ. ಹೆಬ್ಬಲಸು ಹಲಸಿನ ಕಾಡುಬಂಧು. ದೋಣಿಗೂ ಮನೆಗೂ ಬಳಸುತ್ತಿದ್ದ ಗಟ್ಟಿ ಮರ. ಮಾವು ಅಗ್ಗದ್ದು, ಹುಳಕ್ಕೆ ಬಲುಬೇಗ ತುತ್ತಾಗುವಂಥದ್ದು. ಆದರೆ ಹೊಸಬರ ಮೊದಲ ಪ್ರಯೋಗಕ್ಕೆ ಮಾವಿನ ಮೇಜೇ ಲೇಸು. ಕೈತಪ್ಪಿದರೂ ನಷ್ಟ ಕಡಿಮೆ.

ಹಳೆಯ ಪೀಠೋಪಕರಣಗಳ ನಿಜವಾದ ಮುಖ ನೋಡಬಯಸುವವರು ಪಿಲಿಕುಳದ ಗುತ್ತಿನ ಮನೆ, ಬಿ.ಸಿ. ರೋಡಿನ ಬಳಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ ಹಾಗೂ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಗಳತ್ತ ಹೋಗಬಹುದು. ಹಸ್ತಶಿಲ್ಪವನ್ನು ರೂಪಿಸಿದ ವಿಜಯನಾಥ ಶೆಣೈಯವರು ಶಿಲ್ಪಿಯೂ ಅಲ್ಲ, ಬಡಗಿಯೂ ಅಲ್ಲ, ಬ್ಯಾಂಕ್ ಉದ್ಯೋಗಿಯಾಗಿದ್ದವರು. 2017ರಲ್ಲಿ ತೀರಿಕೊಂಡ ಅವರು, ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಹವ್ಯಾಸವೊಂದು ಎಲ್ಲಿಯವರೆಗೆ ಹೋಗಬಲ್ಲುದು ಎಂಬುದಕ್ಕೆ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಹುಳ, ಕೀಲು, ಹೊದಿಕೆ

ಕೆಲಸ ಆರಂಭಿಸುವ ಮೊದಲು ಮೂರು ಪರೀಕ್ಷೆಗಳು ಅಗತ್ಯ.

ಮೊದಲನೆಯದು ಹುಳದ್ದು. ಸಣ್ಣ ಸಣ್ಣ ತೂತುಗಳಿದ್ದ ಮಾತ್ರಕ್ಕೆ ಮೇಜು ಕೆಟ್ಟಿದೆ ಎಂದಲ್ಲ. ಕುಟ್ಟೆ ಹುಳ ಹಿಂದೆಂದೋ ತಿಂದು ಹೊರಟುಹೋಗಿರಬಹುದು. ಮೇಜಿನ ಅಡಿಯಲ್ಲಿ ಕಪ್ಪು ಕಾಗದ ಹಾಸಿ, ಮರವನ್ನು ಮೆಲ್ಲನೆ ತಟ್ಟಿ ಒಂದು ವಾರ ಬಿಡಬೇಕು. ಕಾಗದದ ಮೇಲೆ ಹೊಸ ಹುಡಿ ಉದುರಿದ್ದರೆ ಹುಳ ಇನ್ನೂ ಜೀವಂತವಾಗಿದೆ ಎಂದರ್ಥ. ಅಂಥ ಮೇಜನ್ನು ಮನೆಯ ಇತರ ಮರದ ಸಾಮಾನುಗಳಿಂದ ದೂರವಿಟ್ಟು, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಮರದ ಹುಳದ ಔಷಧವನ್ನು ಸಿರಿಂಜಿನಿಂದ ತೂತುಗಳೊಳಗೆ ಬಿಡಬೇಕು. ಡಬ್ಬಿಯ ಮೇಲಿನ ಸೂಚನೆಯನ್ನು ಓದಿಯೇ ಮುಂದುವರಿಯುವುದು ಒಳಿತು. ಚೂಪಾದ ಚಾಕುವಿನ ತುದಿ ಒತ್ತಿದರೆ ಸಲೀಸಾಗಿ ಒಳಹೋಗುವಂತಿದ್ದರೆ ಆ ಭಾಗವನ್ನು ಗೆದ್ದಲೋ ಹುಳವೋ ಪೂರ್ತಿ ತಿಂದಿದೆ. ಅಲ್ಲಿ ಹೊಸ ತುಂಡು ಕೂಡಿಸದೆ ವಿಧಿಯಿಲ್ಲ.

ಎರಡನೆಯದು ಕೀಲುಗಳದ್ದು. ಹಳೆಯ ಮೇಜುಗಳಲ್ಲಿ ಪಟ್ಟಿಯ ತುದಿಯ ನಾಲಗೆ ಕಾಲಿನ ತೂತಿನೊಳಗೆ ಕೂತಿರುತ್ತದೆ. ಕೆಲವದರಲ್ಲಿ ಅಡ್ಡಕ್ಕೆ ಮರದ ಅಥವಾ ಬಿದಿರಿನ ಆಣಿ ಹೊಡೆದಿರುತ್ತಾರೆ. ಎರಡು ಕಾಲುಗಳನ್ನು ಹಿಡಿದು ಅಲುಗಿಸಿದರೆ ಯಾವ ಕೀಲು ಸಡಿಲವಾಗಿದೆ ಎಂಬುದು ಗೊತ್ತಾಗುತ್ತದೆ.

ಮೂರನೆಯದು ಹೊದಿಕೆಯದ್ದು. ಕಾಣದ ಮೂಲೆಯಲ್ಲಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿಯಬೇಕು. ಪಾಲಿಶ್ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರಿಥೇನ್‌ನಂಥ ಗಟ್ಟಿ ವಾರ್ನಿಷ್ ಇರಬಹುದು. ಮರದ ಮೇಲೆ ಸನ್‌ಮೈಕಾ ಅಂಟಿಸಿರುವ ಮೇಜುಗಳೂ ಸಾಕಷ್ಟಿವೆ. ಅದರ ಅಡಿಯಲ್ಲಿ ಒಳ್ಳೆಯ ಹಲಗೆ ಅಡಗಿರುವುದುಂಟು. ಮೇಲ್ಪದರ ಕಾಗದದಷ್ಟು ತೆಳುವಾದ ವಿನಿಯರ್ ಆಗಿದ್ದರೆ ಮಾತ್ರ ಯಂತ್ರದಿಂದ ಉಜ್ಜುವ ಯೋಚನೆಯನ್ನೇ ಬಿಡಬೇಕು.

ಮೊದಲು ತೊಳೆಯಿರಿ

ಪಾಲಿಶ್ ಹೋಗಿದೆ ಎಂದು ಕಾಣುವ ಮೇಜಿನ ಮೇಲೆ ಅನೇಕ ವೇಳೆ ಇರುವುದು ಹಲವು ದಶಕಗಳ ಹೊಗೆ, ಧೂಳು ಮತ್ತು ತೆಂಗಿನೆಣ್ಣೆ. ಹೊಳಪಿಗೆಂದು ತೆಂಗಿನೆಣ್ಣೆ ಒರೆಸುವ ರೂಢಿ ಕರಾವಳಿಯ ಮನೆಗಳಲ್ಲಿದೆ. ಆದರೆ ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ಅದು ಜಿಡ್ಡಾಗಿಯೇ ಉಳಿದು ಧೂಳನ್ನು ಕೂಡಿಸಿಕೊಂಡು ಕಮಟುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವವನ್ನು ತೆಗೆಯಬೇಕು. ನೀರು ಸುರಿಯಬಾರದು, ಬಿಸಿಲಿಗೂ ಇಡಬಾರದು. ಇಷ್ಟರಿಂದಲೇ ಮೇಜಿಗೆ ಕಳೆ ಬಂದರೆ ಜೇನುಮೇಣದ ಪಾಲಿಶ್ ಹಚ್ಚಿ ಅಲ್ಲಿಗೇ ನಿಲ್ಲಿಸುವುದು ಜಾಣತನ. ಹಳೆಯ ಮೇಲ್ಮೈಗೆ ಕಾಲ ಕೊಟ್ಟ ಬಣ್ಣ ಒಮ್ಮೆ ಉಜ್ಜಿಹೋದರೆ ಅದನ್ನು ಮರಳಿ ತರುವ ಪಾಲಿಶ್ ಯಾವ ಅಂಗಡಿಯಲ್ಲೂ ಇಲ್ಲ.

ಬಿಸಿ ಲೋಟದಿಂದಾದ ಬಿಳಿ ಉಂಗುರ ಪಾಲಿಶ್‌ನೊಳಗೆ ಸಿಕ್ಕಿಕೊಂಡ ತೇವ. ಅರಗಿನ ಪಾಲಿಶ್ ಆಗಿದ್ದರೆ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಆಡಿಸಿದಾಗ ಅದು ಮಾಯವಾಗುವುದುಂಟು. ಕಪ್ಪು ಕಲೆ ಮರದೊಳಗೇ ಇಳಿದಿರುತ್ತದೆ. ಕಬ್ಬಿಣದ ಮೊಳೆಯ ತುಕ್ಕು ಮರದ ಟ್ಯಾನಿನ್‌ನೊಂದಿಗೆ ಸೇರಿ ಉಂಟಾದ ಕಲೆ ಅದು. ಅದನ್ನು ತೆಗೆಯುವ ಆಕ್ಸಾಲಿಕ್ ಆಮ್ಲ ವಿಷಕಾರಿಯಾದ್ದರಿಂದ ಹೊಸಬರು ಕಲೆಯನ್ನು ಹಾಗೆಯೇ ಬಿಡುವುದು ಉತ್ತಮ.

ಕೀಲು ಬಿಗಿಯುವುದು

ಸಡಿಲ ಕೀಲಿಗೆ ಮೊಳೆ ಹೊಡೆಯುವುದು ಸಾಮಾನ್ಯವಾಗಿ ಮಾಡುವ ಅನಾಹುತ. ಮೊಳೆಯಿಂದ ನಾಲಗೆ ಸೀಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ಮೊಳೆಯೂ ತುಕ್ಕು ಹಿಡಿಯುತ್ತದೆ. ಹಳೆಯ ಕೀಲುಗಳಲ್ಲಿರುವುದು ಪ್ರಾಣಿಜನ್ಯ ಅಂಟಾದ ಮರವಜ್ರ. ಬಿಸಿನೀರು ತಾಗಿಸಿದರೆ ಅದು ಮೆತ್ತಗಾಗುತ್ತದೆ. ಆಣಿಯಿದ್ದರೆ ಮೊದಲು ಅದನ್ನು ತೆಗೆದು, ಪಟ್ಟಿಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಬಿಚ್ಚಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯದೆ ಹೊಸ ಅಂಟು ಹಿಡಿಯುವುದಿಲ್ಲ.

ಫೆವಿಕಾಲ್‌ನಂಥ ಬಿಳಿ ಅಂಟು ಹಚ್ಚಿ ಜೋಡಿಸಿದ ಮೇಲೆ ಒಂದು ಇಡೀ ದಿನ ಒತ್ತಡದಲ್ಲಿಡಬೇಕು. ಉದ್ದನೆಯ ಕ್ಲಾಂಪ್ ಇಲ್ಲದವರು ನಾಲ್ಕು ಕಾಲಿಗೂ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿಯಬಹುದು. ಮರಕ್ಕೆ ಹಗ್ಗ ಕಚ್ಚದಂತೆ ಮೂಲೆಗೆ ಬಟ್ಟೆ ಮಡಚಿಡಬೇಕು. ಬಿಗಿದ ತಕ್ಷಣ ಮೇಜನ್ನು ಸಮತಟ್ಟು ನೆಲದ ಮೇಲಿಟ್ಟು ನಾಲ್ಕೂ ಕಾಲು ನೆಲಕ್ಕೆ ತಾಗುತ್ತವೆಯೇ ಎಂದು ನೋಡುವುದನ್ನು ಮರೆಯಬಾರದು. ಅಂಟು ಒಣಗಿದ ಮೇಲೆ ತಿದ್ದಲಾಗದು. ಮೇಲಿನ ಹಲಗೆಯನ್ನು ಮಾತ್ರ ಚೌಕಟ್ಟಿಗೆ ಅಂಟಿಸಕೂಡದು. ಹಿಗ್ಗಿ ಕುಗ್ಗಲು ಅದಕ್ಕೆ ಎಡೆ ಬೇಕು.

ಬಣ್ಣ ತೆಗೆಯುವಾಗ ಎಚ್ಚರ

ಮೇಜಿಗೆ ಎನಾಮೆಲ್ ಬಣ್ಣ ಬಳಿದಿದ್ದರೆ ಸಮಸ್ಯೆ ಬೇರೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿ.ಪಿ.ಎಂ. ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಅಂಥ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾರಕ. ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆಯುವುದೂ ಸಲ್ಲದು. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಮೆತ್ತಗಾದ ಬಳಿಕ ಹಸಿಯಾಗಿರುವಾಗಲೇ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬೇರ್ಪಡಿಸಬೇಕು.

ರಿಮೂವರ್ ಕೊಳ್ಳುವಾಗಲೂ ಡಬ್ಬಿಯ ಮೇಲಿನ ಬರಹ ಓದಬೇಕು. ಮಿಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ನ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣಾಂತಿಕವಾಗಬಲ್ಲುದು. ಅಮೆರಿಕವು 2019ರಲ್ಲಿ ಗೃಹಬಳಕೆದಾರರಿಗೆ ಅದರ ಮಾರಾಟವನ್ನು ನಿಷೇಧಿಸಿತು. ಕಾಸ್ಟಿಕ್ ಸೋಡದ ನೀರು ಅಗ್ಗವೇನೋ ಹೌದು. ಆದರೆ ಅದು ತೇಗವನ್ನು ಕಪ್ಪಾಗಿಸುತ್ತದೆ, ಕೀಲಿನ ಅಂಟನ್ನು ಬಿಡಿಸುತ್ತದೆ, ಕೈಯನ್ನೂ ಸುಡುತ್ತದೆ.

ಉಪ್ಪು ಕಾಗದದ ಲೆಕ್ಕ

ಉಪ್ಪು ಕಾಗದ, ಅಂದರೆ ಸ್ಯಾಂಡ್ ಪೇಪರ್, ಸಂಖ್ಯೆ ಹೆಚ್ಚಿದಂತೆ ನಯವಾಗುತ್ತದೆ. ಮೇಲ್ಮೈ ಒರಟಾಗಿದ್ದರೆ 120ರಿಂದ ಆರಂಭಿಸಿ 180, ಬಳಿಕ 220ಕ್ಕೆ ಮುಗಿಸಬಹುದು. 80ನೇ ಸಂಖ್ಯೆಯ ಕಾಗದಕ್ಕೆ ಹೊಸಬರು ಕೈಹಾಕದಿರುವುದೇ ಲೇಸು. ಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡಕ್ಕೆ ಉಜ್ಜಿದ ಗೀರುಗಳು ಆಗ ಕಾಣದಿದ್ದರೂ ಪಾಲಿಶ್ ಬಿದ್ದೊಡನೆ ಎದ್ದು ತೋರುತ್ತವೆ. ಎನ್-95 ಮುಖಗವಸು ಅವಶ್ಯ. ಬೀಟೆಯ ಹುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಮೇಜಿನ ಅಡಿಭಾಗವನ್ನು ಉಜ್ಜಬಾರದು. ಮಾಡಿದವರ ಗುರುತು, ಕೊಂಡವರ ಹೆಸರು, ಇಸವಿ ಮುಂತಾದವು ಪೆನ್ಸಿಲ್‌ನಲ್ಲೋ ಮೊಹರಿನಲ್ಲೋ ಉಳಿದಿರುವುದು ಅಲ್ಲಿಯೇ. ಆ ಮೇಜಿನ ಚರಿತ್ರೆಗೆ ಅನೇಕ ವೇಳೆ ಅದೊಂದೇ ದಾಖಲೆ.

ಯಾವ ಪಾಲಿಶ್?

ಬರೆಯುವ ಮೇಜು, ಪುಟ್ಟ ಟೀಪಾಯಿ ಮುಂತಾದವಕ್ಕೆ ಅರಗು ಪ್ರಶಸ್ತ. ಇದು ಲಾಕ್ ಎಂಬ ಕೀಟ ಸ್ರವಿಸುವ ರಾಳ. ಜಾರ್ಖಂಡ್ ಇದರ ಪ್ರಮುಖ ಉತ್ಪಾದಕ ರಾಜ್ಯ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಅದರಿಂದ ತೆಳುವಾಗಿ ಹಲವು ಬಾರಿ ಎಳೆಯಬೇಕು. ಒಮ್ಮೆ ಎಳೆದಲ್ಲಿ ಅದು ಒಣಗುವ ಮುನ್ನ ಮತ್ತೆ ಕೈಯಾಡಿಸಬಾರದು. ದಿನಕ್ಕೆ ಮೂರು ನಾಲ್ಕು ಪದರದಂತೆ ಎರಡು ಮೂರು ದಿನ ಹಚ್ಚಿದರೆ ಹೊಳಪು ನಿಲ್ಲುತ್ತದೆ. ಕೈತಪ್ಪಿದರೆ ಸ್ಪಿರಿಟ್‌ನಿಂದ ಒರೆಸಿ ಮತ್ತೆ ಆರಂಭಿಸಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಆದರೆ ಅರಗು ಬಿಸಿ ಪಾತ್ರೆಯನ್ನು ತಾಳದು. ಊಟದ ಮೇಜಿಗೆ ಒಣಗುವ ಎಣ್ಣೆಯೇ ತಕ್ಕುದು. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆಯ ಬಳಿಕ ಮಿಕ್ಕದ್ದನ್ನು ಪೂರ್ತಿ ಒರೆಸಿ, ಒಂದೆರಡು ದಿನದ ಅಂತರದಲ್ಲಿ ನಾಲ್ಕಾರು ಬಾರಿ ಪುನರಾವರ್ತಿಸಬೇಕು. ಪಾಲಿಯುರಿಥೇನ್ ಗಟ್ಟಿಮುಟ್ಟು, ನೀರಿಗೂ ಜಗ್ಗದು. ಆದರೆ ಮುಂದೆ ಅದನ್ನು ತೆಗೆಯಬೇಕಾದರೆ ಮರವನ್ನೇ ಉಜ್ಜಬೇಕಾಗುತ್ತದೆ.

ಗೇರು ಉದ್ಯಮದ ತವರಾದ ಈ ಭಾಗದಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ದೋಣಿಗೂ ಪಕ್ಕಾಸಿಗೂ ಬಳಿಯುವ ಪದ್ಧತಿಯಿದೆ. ಹುಳಕ್ಕೆ ಅದು ನಿಜಕ್ಕೂ ಆಗದು. ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಿಸುವ ಆ ಎಣ್ಣೆ ಕೈಯೂರುವ ಮೇಜಿಗೆ ಸರ್ವಥಾ ಸಲ್ಲದು.

ಬೆಂಕಿಯ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಕಾವಿನಿಂದ ಅದು ತಾನೇತಾನಾಗಿ ಹೊತ್ತಿಕೊಳ್ಳಬಲ್ಲುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಸ್ಪಿರಿಟ್ ಬಳಸುವಾಗ ಕಿಟಕಿ ತೆರೆದಿರಲಿ. ದೇವರ ದೀಪವಾಗಲಿ ಗ್ಯಾಸ್ ಒಲೆಯಾಗಲಿ ಹತ್ತಿರದಲ್ಲಿ ಉರಿಯುತ್ತಿರಬಾರದು.

ಆಚಾರಿಯ ನೆರವು ಯಾವಾಗ?

ಕೆತ್ತನೆಯ ಕಾಲು ಮುರಿದಿದ್ದರೆ, ಹಲಗೆ ಬಿಲ್ಲಿನಂತೆ ಬಾಗಿದ್ದರೆ, ದೊಡ್ಡ ತುಂಡನ್ನೇ ಕೂಡಿಸಬೇಕಾದರೆ ನುರಿತ ಆಚಾರಿಯನ್ನು ಕರೆಯುವುದು ಸರಿ. ಆಗಲೂ ಏನು ಮಾಡಬಾರದು ಎಂಬುದನ್ನು ಮೊದಲೇ ಹೇಳಿಡಬೇಕು: ಮೇಲ್ಮೈಯನ್ನು ಯಂತ್ರಕ್ಕೆ ಕೊಡಬಾರದು, ಹಳೆಯ ಹಿತ್ತಾಳೆಯ ಹಿಡಿ ಬದಲಿಸಬಾರದು, ಸನ್‌ಮೈಕಾ ಅಂಟಿಸಬಾರದು. ತೆಗೆದ ಹಳೆಯ ತುಂಡುಗಳನ್ನು ಎಸೆಯದೆ ಇಟ್ಟುಕೊಂಡರೆ ಮುಂದಿನ ದುರಸ್ತಿಗೆ ಅದೇ ಮರ ಒದಗುತ್ತದೆ.

ವಾರಾಂತ್ಯದಲ್ಲಷ್ಟೇ ಬಿಡುವಿರುವವರಿಗೆ ಒಂದು ಸಣ್ಣ ಮೇಜು ಮುಗಿಸಲು ಒಂದೂವರೆ ಎರಡು ತಿಂಗಳು ಹಿಡಿದೀತು. ಡಿಸೆಂಬರ್‌ನಲ್ಲಿ ತೊಡಗಿದರೆ ಫೆಬ್ರವರಿಗೆ ಮೇಜು ಸಿದ್ಧ. ಪಾಲಿಶ್ ಪೂರ್ತಿ ಗಟ್ಟಿಯಾಗಲು ಮುಂದೆ ಮೂರು ತಿಂಗಳ ಬೇಸಗೆಯಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಮೇಜನ್ನು ಗೋಡೆಯಿಂದ ನಾಲ್ಕಿಂಚು ಸರಿಸಿಟ್ಟು, ಬೂಸ್ಟು ಕಂಡಲ್ಲಿ ಒಣಬಟ್ಟೆಯಿಂದ ಒರೆಸುತ್ತಿದ್ದರೆ ಮುಂದಿನ ತಲೆಮಾರಿನವರೂ ಅದರ ಮೇಲೆ ಪುಸ್ತಕವಿಟ್ಟು ಓದಬಹುದು.